‘ಬರ್ತೀನಿ’ ಎಂಬ ನಿಷ್ಕ್ರಮಣ

ಮಧ್ಯಾಹ್ನವೆಲ್ಲ ಹರಟಿ, ಎದ್ದು, ಹೆಗಲ ಮೇಲಿನ ವಲ್ಲಿಯನ್ನು ಕೊಡವಿ, ಜೋಡು ಮೆಟ್ಟಿ, ಬೆನ್ನು ತೋರಿಸಿ ಕಣ್ಮರೆಯಾಗುವ ಮನುಷ್ಯ ಕೊನೆಗೆ ಆಡುವ ಮಾತು ‘ಬರ್ತೀನಿ’ ಎಂಬುದಾಗಿರುವುದು ಎಷ್ಟು ವಿಚಿತ್ರವೆಂದು ನೀವು ಎಂದಾದರೂ ಯೋಚಿಸಿದ್ದೀರಾ? ಯೋಚಿಸಿರಲಾರಿರಿ, ಆರೋಗ್ಯವಂತರು ಇಂಥದನ್ನೆಲ್ಲ ಯೋಚಿಸುವುದಿಲ್ಲ. ನಾನು ಯೋಚಿಸಿದ್ದೇನೆ. ನಡೆಯುವ ಕ್ರಿಯೆ ಹೋಗುವುದು, ನುಡಿಯುವ ಕ್ರಿಯಾಪದ ಬರುವುದು. ಶಾಲೆಯಲ್ಲಿ ಕನ್ನಡ ವ್ಯಾಕರಣ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದು ದಿನಬೆಳಗಾದರೆ ಕಣ್ಣೆದುರು ನಡೆಯುವ ದೋಷ. ತಿದ್ದೋಣವೆಂದರೆ ಕೆಂಪು ಶಾಯಿ ಸಾಲದು. ಧೈರ್ಯವಂತೂ ನನ್ನಲ್ಲಿ ಮೊದಲಿನಿಂದಲೂ ಸಾಲದು.

ನಮ್ಮ ಆದೋನಿ ಮೂರು ಭಾಷೆಗಳ ಊರು. ಹತ್ತಿಯ ವ್ಯಾಪಾರ ತೆಲುಗಿನಲ್ಲಿ, ಮನೆಯೊಳಗಿನ ಜಗಳ ಕನ್ನಡದಲ್ಲಿ, ಟಾಂಗಾದವನೊಡನೆ ಚೌಕಾಸಿ ದಖನಿಯಲ್ಲಿ. ಒಂದೇ ವಾಕ್ಯ ಕನ್ನಡದಲ್ಲಿ ಹುಟ್ಟಿ ತೆಲುಗಿನಲ್ಲಿ ಬೆಳೆದು ದಖನಿಯಲ್ಲಿ ಮುಕ್ತಿ ಪಡೆಯುವುದೂ ಉಂಟು. ಆದರೆ ಮೂರರಲ್ಲಿ ಯಾವುದರಲ್ಲೂ ಯಾರೂ ‘ಹೋಗುವುದಿಲ್ಲ’. ಕನ್ನಡದವನು ‘ಬರ್ತೀನಿ’ ಎನ್ನುತ್ತಾನೆ, ತೆಲುಗಿನವನು ‘ಪೋಯೊಸ್ತಾ’ ಎನ್ನುತ್ತಾನೆ, ಟಾಂಗಾದ ಸಾಹೇಬ ‘ಜಾಕೆ ಆತೂಂ’ ಎನ್ನುತ್ತಾನೆ; ಎರಡಕ್ಕೂ ಅರ್ಥ ‘ಹೋಗಿ ಬರುತ್ತೇನೆ’ ಎಂದೇ. ಕನ್ನಡದಲ್ಲಿ ‘ಹೋದ’ ಎಂದರೂ ತೆಲುಗಿನಲ್ಲಿ ‘ಪೋಯಿನಾಡು’ ಎಂದರೂ ಕೇಳಿದವರು ತಲೆಯ ಮೇಲಿನ ರುಮಾಲು ತೆಗೆದು, ‘ಯಾವಾಗ? ಏನಾಗಿತ್ತು?’ ಎಂದು ವಿಚಾರಿಸುತ್ತಾರೆ. ಹೊಸ್ತಿಲಲ್ಲಿ ನಿಂತು ‘ಹೋಗ್ತೀನಿ’ ಎನ್ನುವುದೆಂದರೆ, ಬೇರೆ ಯಾವುದೋ ಮನೆಗೆ ಹೊರಟ ಯಮಧರ್ಮನನ್ನು ಕೈಹಿಡಿದು ಜಗಲಿಗೆ ಕರೆದ ಹಾಗೆ.

ಹತ್ತಿ ಖರೀದಿಗೆಂದು ಬಂದಿದ್ದ ಒಬ್ಬ ಬಿಳಿಯ ದೊರೆಗೆ ಇದು ಅರ್ಥವಾಗಿರಲಿಲ್ಲ. ಆತ ಮುನ್ಷಿಯಿಂದ ಕನ್ನಡ ಕಲಿತಿದ್ದ. ಅಂದರೆ ಶಬ್ದಗಳನ್ನು ಕಲಿತಿದ್ದ. ಒಂದು ಮಧ್ಯಾಹ್ನ ಅವನ ಅಡಿಗೆಯವನು ಅಂಗಳದಲ್ಲಿ ನಿಂತು ‘ಬರ್ತೀನ್ರಿ ದೊರಿ’ ಎಂದು ಕೈಮುಗಿದು ಮನೆಗೆ ನಡೆದ. ದೊರೆ ಮೇಜಿನ ಮುಂದೆ ಕುಳಿತು, ಈಗ ಬರುತ್ತಾನೆ, ಈಗ ಬರುತ್ತಾನೆ ಎಂದು ಹಸಿದುಕೊಂಡು ಕಾದನಂತೆ. ಮರುದಿನ ಬೆಳಗ್ಗೆ ಸಿಡಿಮಿಡಿಗೊಂಡು ಗದರಿಸಿದಾಗ ಅಡಿಗೆಯವನು ನಿರ್ವಿಕಾರವಾಗಿ, ‘ಬರ್ತೀನಿ ಅಂದಿದ್ನಲ್ರಿ ದೊರಿ, ಬಂದೀನಲ್ರಿ!’ ಎಂದ. ಯಾವ ನ್ಯಾಯಾಲಯದಲ್ಲಿ ಬೇಕಾದರೂ ಗೆಲ್ಲುವ ವಾದ.

ನನ್ನ ವಿಷಯ ಹೇಳುವುದಾದರೆ, ವೀಳ್ಯದೆಲೆ ತರಲು ಬಜಾರಿಗೆ ಹೊರಟರೂ ಹೆಂಡತಿಗೊಮ್ಮೆ, ಹೊಸ್ತಿಲಿಗೊಮ್ಮೆ, ಎದುರು ಮನೆಯ ಎಮ್ಮೆಗೊಮ್ಮೆ ‘ಬರ್ತೀನಿ’ ಎಂದು ಹೇಳಿ ಹೊರಡುವವನು ನಾನು. ಎಮ್ಮೆ ತಲೆ ಅಲ್ಲಾಡಿಸದಿದ್ದರೆ ಬೀದಿಯ ತಿರುವಿನಲ್ಲಿ ಒಂದು ಗಳಿಗೆ ನಿಂತು ಯೋಚಿಸುವುದೂ ಉಂಟು. ಇಂಥ ಮನುಷ್ಯ ಒಂದು ನಾಟಕ ಬರೆದ. ಅದರಲ್ಲಿ ನಾಯಕನ ಬಾಯಲ್ಲಿ ಬುದ್ಧಿಪೂರ್ವಕವಾಗಿ, ಶಾಸ್ತ್ರಸಮ್ಮತವಾಗಿ, ‘ಹೋಗುತ್ತೇನೆ’ ಎಂದು ಹಾಕಿದ. ಆ ನಾಟಕವನ್ನು ನನ್ನ ಮನೆಯವರೇ ಕೆಡಿಸಿದರು. ಆ ಉಪಕಾರಕ್ಕಾಗಿ ನಾನು ಇಂದಿಗೂ ಕೃತಜ್ಞನಾಗಿದ್ದೇನೆ. ಈ ಪ್ರಬಂಧ ಅದರ ಕತೆ.

ನಾಟಕಕಾರನೆಂದರೆ ಯಾರು? ಚಿಂತೆಯ ವ್ಯಾಪಾರಿ. ನಿಶ್ಚಿಂತೆಯಿಂದ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಬಂದು ಕುಳಿತ ಸದ್ಗೃಹಸ್ಥನ ಎದೆಯಲ್ಲಿ, ಅವನಿಗೆ ಯಾವ ಸಂಬಂಧವೂ ಇಲ್ಲದ ಒಬ್ಬ ರಾಜನ ಬಗ್ಗೆ, ‘ಅಯ್ಯೋ, ಮುಂದೇನು?’ ಎಂಬ ಚಿಂತೆಯನ್ನು ಬಿತ್ತಿ ಬೆಳೆ ತೆಗೆಯುವವನು. ಈ ವ್ಯಾಪಾರಕ್ಕೆ ಬೇಕಾದ ದಾಸ್ತಾನು ನನ್ನಲ್ಲಿ ವಂಶಪಾರಂಪರ್ಯವಾಗಿ ತುಂಬಿತ್ತು. ಬೇಕಾಗಿದ್ದದ್ದು ತಂತ್ರ ಮಾತ್ರ. ಅದನ್ನು ಕಲಿಯಲು ನಾನು ಊರಿಗೆ ಬಂದ ನಾಟಕ ಕಂಪೆನಿಗಳ ತಗಡಿನ ಕೊಟ್ಟಿಗೆಗಳಲ್ಲಿ ತಪಸ್ಸು ಮಾಡಿದೆ. ರಾಜ ತೆಲುಗಿನಲ್ಲಿ ಪದ್ಯ ಹೇಳಿದರೆ ರಾಣಿ ಕನ್ನಡದಲ್ಲಿ ಅಳುತ್ತಿದ್ದಳು. ಇದು ನಮ್ಮ ಸೀಮೆಯ ಸಂಸಾರಗಳಲ್ಲಿ ಸಾಮಾನ್ಯವಾದ್ದರಿಂದ ಯಾರಿಗೂ ಅಸಹಜವೆನಿಸುತ್ತಿರಲಿಲ್ಲ. ರಣರಂಗದಲ್ಲಿ ಬಿದ್ದ ವೀರ ಕೊನೆಯ ಪದ್ಯ ಚೆನ್ನಾಗಿ ಹಾಡಿ ಪ್ರಾಣಬಿಟ್ಟರೆ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು. ಹೆಣ ಎದ್ದು, ಕಿರೀಟ ಸರಿಮಾಡಿಕೊಂಡು, ಮತ್ತೆ ಹಾಡಿ, ಮತ್ತೆ ಸಾಯುತ್ತಿತ್ತು. ಆಗ ನಾನು ನಕ್ಕಿದ್ದೆ. ನಮ್ಮ ಪ್ರೇಕ್ಷಕರು ಮರಣವನ್ನು ಕೂಡ ಅಂತಿಮ ತೀರ್ಪೆಂದು ಒಪ್ಪುವವರಲ್ಲ ಎಂಬ ಎಚ್ಚರಿಕೆ ಅದರಲ್ಲಿತ್ತು. ನಗುವ ಗಡಿಬಿಡಿಯಲ್ಲಿ ಅದು ನನಗೆ ಕೇಳಿಸಲಿಲ್ಲ.

ತಪಸ್ಸಿನ ಫಲವಾಗಿ ಒಂದೆರಡು ರಹಸ್ಯಗಳು ನನಗೆ ಹೊಳೆದವು. ಬುಟ್ಟಿಯಲ್ಲಿ ಹಾವಿದೆಯೆಂದುಕೊಳ್ಳಿ. ಕೈಹಾಕುವವನಿಗೆ ಗೊತ್ತಿಲ್ಲ, ನೋಡುವವನಿಗೆ ಗೊತ್ತು, ಆಗ ನಾಟಕ. ಇಬ್ಬರಿಗೂ ಗೊತ್ತಿದ್ದರೆ ಅದು ಹಾವಾಡಿಗರ ಆಟ. ಇಬ್ಬರಿಗೂ ಗೊತ್ತಿಲ್ಲದಿದ್ದರೆ ಅದು ಅಪಘಾತ. ಮತ್ತೆ, ಕೈಹಾಕುವವನು ಕೂಡಲೇ ಹಾಕಬಾರದು. ಬುಟ್ಟಿಯ ಹತ್ತಿರ ಬರಬೇಕು, ಯಾರೋ ಕರೆದಂತಾಗಿ ತಿರುಗಬೇಕು, ಹಾಸ್ಯಗಾರ ಬಂದು ಅದೇ ಬುಟ್ಟಿಯ ಮೇಲೆ ಕುಳಿತು ಹೆಂಡತಿಯ ಅಡಿಗೆಯನ್ನು ಬೈಯಬೇಕು. ತಡವೇ ತಂತ್ರ. ಆದರೆ ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ಹಳೆಯ ನಾಟ್ಯಶಾಸ್ತ್ರದ ಒಂದು ಶಬ್ದ: ಪತಾಕಾಸ್ಥಾನಕ. ಪಾತ್ರ ಒಂದು ಅರ್ಥದಲ್ಲಿ ಆಡಿದ ಮಾತು, ಅವನಿಗರಿವಿಲ್ಲದೆ, ಮುಂದೆ ಬರಲಿರುವ ಇನ್ನೊಂದಕ್ಕೆ ಬಾವುಟದಂತೆ ಬೀಸುವುದು. ಆಡುವವನಿಗೆ ಅದು ಬರಿಯ ಮಾತು, ಕೇಳುವವನಿಗೆ ಭವಿಷ್ಯವಾಣಿ. ಎಂಥ ಶಬ್ದ! ಉಚ್ಚರಿಸಿದರೇ ಮೈಯಲ್ಲಿ ಪಾಂಡಿತ್ಯ ಸಂಚರಿಸುತ್ತಿತ್ತು. ಅಂಥದೊಂದನ್ನು ಜೀವಮಾನದಲ್ಲಿ ಒಮ್ಮೆಯಾದರೂ ಹಾರಿಸಿಯೇ ಸಾಯಬೇಕೆಂದು ಸಂಕಲ್ಪಿಸಿದೆ.

ಹಾರಿಸಿದೆ. ಯುದ್ಧಕ್ಕೆ ಹೊರಟ ನನ್ನ ರಾಜ, ಮೂರನೆಯ ಅಂಕದ ಕೊನೆಯಲ್ಲಿ ರಾಣಿಯ ಕೈಯಿಂದ ಖಡ್ಗ ತೆಗೆದುಕೊಂಡು, ‘ಪ್ರಿಯೇ, ಹೊತ್ತಾಯಿತು. ನಾನು ಹೋಗುತ್ತೇನೆ’ ಎನ್ನುತ್ತಾನೆ. ಅಷ್ಟೇ. ‘ಹೋಗಿ ಬರುತ್ತೇನೆ’ ಅಲ್ಲ. ಬೇರೆ ದೇಶದ ನಾಟಕಕಾರನಿಗೆ ಪ್ರೇಕ್ಷಕನ ಎದೆ ಝಲ್ಲೆನಿಸಲು ಗುಡುಗು ಬೇಕು, ಗೂಬೆ ಬೇಕು, ಗೋರಿಯಿಂದ ಎದ್ದ ಪ್ರೇತ ಬೇಕು. ನನಗೆ ಒಂದು ಕ್ರಿಯಾಪದವನ್ನು ಬಿಟ್ಟರೆ ಸಾಕಾಯಿತು. ಇಷ್ಟು ಮಿತವ್ಯಯದಲ್ಲಿ ಇಷ್ಟೊಂದು ಗಾಬರಿಯನ್ನು ಇದುವರೆಗೆ ಯಾರೂ ಉತ್ಪಾದಿಸಿಲ್ಲವೆಂದು ನಾನು ಬೀಗಿದೆ.

ರಾಜನ ಪಾತ್ರಕ್ಕೆ ನಿಂತವನು ನನ್ನ ತಮ್ಮ ಈರಣ್ಣ. ಇಲ್ಲಿ ನಮ್ಮ ಮನೆಯ ವಿಚಾರ ತುಸು ಹೇಳಬೇಕು. ಹಾಲಹರವಿಯ ಕಡೆಯ ಹಳ್ಳಿಯಲ್ಲಿ ಕುರಿ, ಹೊಲ ಎಂದು ಬಾಳಿದ ಮನೆತನ ನಮ್ಮದು. ಈರಣ್ಣ ಅಂಬೆಗಾಲಿಡುವಾಗಲೇ ನಮ್ಮ ತಾಯಿ ತೀರಿಕೊಂಡಳು. ಆ ವರ್ಷವೇ ಮದುವೆಯಾಗಿ ಬಂದ ನನ್ನ ಹೆಂಡತಿ ಗೌರಮ್ಮ, ಗಂಡನ ಮುಖವನ್ನು ಸರಿಯಾಗಿ ನೋಡುವ ಮೊದಲೇ ಮೈದುನನನ್ನು ಕಂಕುಳಿಗೆ ಏರಿಸಿಕೊಂಡಳು. ಮುಂದೆ ನೋಡಲು ಪುರಸತ್ತಾದಾಗ ಗಂಡ ಅಷ್ಟೇನೂ ನೋಡತಕ್ಕವನಲ್ಲವೆಂದು ಕಂಡಿರಬೇಕು; ಈರಣ್ಣ ಕಂಕುಳಿಂದ ಇಳಿದರೂ ಅವಳ ಮನಸ್ಸಿನಿಂದ ಇಳಿಯಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಆಗಲಿಲ್ಲವೆಂಬ ಕೊರತೆಯನ್ನು ಅವಳು ಒಮ್ಮೆಯೂ ಆಡದಿರುವುದಕ್ಕೆ ಅವನೇ ಕಾರಣ. ಪುಸ್ತಕಕ್ಕೂ ಅವನಿಗೂ ಕೂಡಿಬರಲಿಲ್ಲ. ಲಾರಿಗಳ ಅಡಿಯಲ್ಲಿ ಮಲಗಿ ನಟ್ಟು ಬಿಗಿಯುವ ವಿದ್ಯೆ ಕಲಿತ, ಆಮೇಲೆ ಲಾರಿಯನ್ನೇ ಓಡಿಸತೊಡಗಿದ. ಆಳು ಎತ್ತರ, ಕಂಠ ಕಂಚಿನದು. ರಾಜನಾಗಲು ಇನ್ನೇನು ಬೇಕು?

ನಾನು ‘ಹೋಗುತ್ತೇನೆ’ ಎಂದು ಬರೆದಾಗ ಅವನು ಎಲ್ಲಿಗೂ ಹೋಗುವವನಿರಲಿಲ್ಲ. ತಾಲೀಮು ಅರ್ಧವಾಗಿರುವಾಗ, ಮಹಾಯುದ್ಧಕ್ಕೆ ಲಾರಿ ಓಡಿಸುವವರು ಬೇಕೆಂದು ಬಳ್ಳಾರಿಯಲ್ಲಿ ಆಳು ತೆಗೆದುಕೊಳ್ಳುತ್ತಿದ್ದಾರೆಂಬ ಸುದ್ದಿ ಬಂತು. ಈರಣ್ಣ ಯಾರನ್ನೂ ಕೇಳದೆ ಹೋಗಿ ಸೇರಿಬಂದ. ನಾಟಕ ಆದ ವಾರದೊಳಗೆ ಹೊರಡಬೇಕು. ನಾನು ಗ್ರಂಥದಲ್ಲಿ ಓದಿದ್ದ ಪತಾಕಾಸ್ಥಾನಕ ಸಾಕ್ಷಾತ್ತಾಗಿ ನಮ್ಮ ನಡುಮನೆಗೇ ಬಂದು ಚಕ್ಕಳಮಕ್ಕಳ ಹಾಕಿ ಕುಳಿತಿತು.

ತಾಲೀಮಿನ ಮಾತುಗಳನ್ನು ಅವನು ಊಟದ ಮುಂದೆ ಒಪ್ಪಿಸುವಾಗ ಗೌರಮ್ಮನ ಕಿವಿಗೆ ಆ ವಾಕ್ಯ ಬಿತ್ತು. ರೊಟ್ಟಿ ಬಡಿಯುವ ಸದ್ದು ನಿಂತಿತು.

‘ಏನ್ರಿ, ಆ ರಾಜನ ಮನ್ಯಾಗ ಹಿರೇರಂಬೋರು ಯಾರೂ ಇಲ್ಲೇನು? ದಂಡಿಗಿ ಹೊಂಟೋನು ಹೋಗ್ತೀನಿ ಅಂತಾನಲ್ಲ, ಬಾಯಿ ಮ್ಯಾಲ ಬಡದು ಹೇಳಂಥೋರು ಒಬ್ರೂ ಇಲ್ಲ?’

ನಾನು ಗಂಟಲು ಸರಿಮಾಡಿಕೊಂಡು, ನಾಟಕದಲ್ಲಿ ಉತ್ಕಂಠೆಯ ಅಗತ್ಯ, ಧ್ವನಿಯ ಮಹತ್ವ, ಪತಾಕಾಸ್ಥಾನಕದ ಲಕ್ಷಣ ಇವುಗಳನ್ನು ವಿವರಿಸಿದೆ.

‘ನಿಮ್ಮ ಪತಾಕಿ ನಿಮ್ಮ ಸಾಲಿ ಮ್ಯಾಲ ಹಾರಿಸ್ಕೋರಿ. ನನ್ನ ಹುಡುಗನ ಬಾಯಾಗ ಬ್ಯಾಡ.’

‘ಅತ್ತಿಗೆವ್ವಾ, ಹೋಗೋನು ರಾಜಪ್ಪ. ನಾನಲ್ಲ’ ಎಂದು ಈರಣ್ಣ ತುತ್ತು ತುಂಬಿದ ಬಾಯಲ್ಲಿ ನಕ್ಕ.

‘ರಾಜಪ್ಪನ ಬಾಯಿ ಯಾರ್ದೋ? ನಾ ರೊಟ್ಟಿ ಹಾಕಿ ಬೆಳಸಿದ ಬಾಯಲ್ಲೇನು ಅದು?’

ಹಾಗಾದರೆ ಮಾತು ಬದಲಿಸಬಹುದಿತ್ತಲ್ಲ ಎನ್ನುತ್ತೀರಿ. ಚಿಂತಾಶೀಲರ ತರ್ಕ ನಿಮಗೆ ತಿಳಿಯದು. ಆ ಮಾತು ಅವನ ಬಾಯಲ್ಲಿ ಬರುವಾಗಲೆಲ್ಲ ನಾನೂ ಮನಸ್ಸಿನಲ್ಲೇ ದೇವರಿಗೊಂದು ತೆಂಗಿನಕಾಯಿ ಹರಕೆ ಹೊರುತ್ತಿದ್ದೆ. ಆದರೆ ತಿದ್ದಿದರೆ ಅಪಶಕುನವನ್ನು ನಾನು ನಂಬಿದಂತೆ. ನಂಬಿದರೆ ಅದಕ್ಕೆ ಬಲ ಬಂದಂತೆ. ಬಲ ಬಂದರೆ ಅದು ನಿಜವಾದಂತೆ. ಆದ್ದರಿಂದ ತಿದ್ದದಿರುವುದೇ ಕ್ಷೇಮ. ಹೀಗೆ ಭಯದಿಂದ ನಡುಗುತ್ತ ನಾನು ಧೀರನಂತೆ ನಡೆದುಕೊಂಡೆ.

ಸೀಮೆಎಣ್ಣೆಗೆ ಬರ ಬಂದಿದ್ದ ಕಾಲವಾದ್ದರಿಂದ ನಾಟಕವನ್ನು ಒಂದು ಭಾನುವಾರ ಇಳಿಹೊತ್ತಿನಲ್ಲಿ, ಸುಗ್ಗಿಯಿಲ್ಲದೆ ಬಾಗಿಲು ಹಾಕಿದ್ದ ಹತ್ತಿ ಬಿಡಿಸುವ ಜಿನ್ನು ಕಾರ್ಖಾನೆಯ ಅಂಗಳದಲ್ಲಿ ಆಡಿದೆವು. ಹತ್ತಿ ತುಂಬಿ ಹೊಲಿಯುವ ಗೋಣಿತಟ್ಟೇ ಪರದೆ. ಹಗಲು ನಾಟಕದ ಕಷ್ಟಗಳನ್ನು ಯಾವ ಶಾಸ್ತ್ರಕಾರನೂ ಬರೆದಿಲ್ಲ. ‘ಅಹಹಾ, ಎಂಥ ಕಗ್ಗತ್ತಲೆ!’ ಎಂದು ನನ್ನ ಮಂತ್ರಿ ಉದ್ಗರಿಸಿದಾಗ ಪಡುವಣ ಸೂರ್ಯ ನೇರವಾಗಿ ಅವನ ಕಣ್ಣಿಗೇ ಬಡಿದು ಆತ ಸೀನಿದ. ಹಾಸ್ಯಗಾರ ಅಷ್ಟಕ್ಕೆ ಬಿಡದೆ, ‘ಮಂತ್ರ್ಯಪ್ಪಾ, ಇಷ್ಟು ಕತ್ತಲಾಗ ನಿನ್ನ ನೆಳ್ಳು ಇಷ್ಟುದ್ದ ಹೆಂಗ ಬಿದ್ದೈತಿ?’ ಎಂದು ನಾನು ಬರೆಯದ ಮಾತನ್ನು ಕೇಳಿ ಚಪ್ಪಾಳೆ ಗಿಟ್ಟಿಸಿದ. ತಟ್ಟಿನ ಮರೆಯಲ್ಲಿ ಕೈಬರಹದ ಪ್ರತಿ ಹಿಡಿದು ಮಾತು ಒದಗಿಸುವ ಕೆಲಸಕ್ಕೆ ನಿಂತಿದ್ದ ನಾನು, ಅಂಗಿಯ ಗುಂಡಿಯನ್ನು ತಿರುಚಿ ತಿರುಚಿ ಕಿತ್ತುಕೊಂಡಿದ್ದೆ.

ಮೂರನೆಯ ಅಂಕದ ಕೊನೆ ಬಂತು. ರಾಣಿಯಾಗಿದ್ದವನು ನಮ್ಮ ಬೀದಿಯ ಹುಸೇನಪ್ಪನೆಂಬ ದರ್ಜಿ. ತಾನೇ ಹೊಲಿದ ಕುಪ್ಪಸದಲ್ಲಿ ಊರ ಹೆಂಗಸರೇ ಹೊಟ್ಟೆಕಿಚ್ಚು ಪಡುವಂತೆ ಕಾಣುತ್ತಿದ್ದ. ಅವನು ಖಡ್ಗ ನೀಡಿದ. ಈರಣ್ಣ ತೆಗೆದುಕೊಂಡ. ತಗ್ಗಿದ, ಕಂಚಿನ ದನಿಯಲ್ಲಿ ಅಂದ:

‘ಪ್ರಿಯೇ, ಹೊತ್ತಾಯಿತು. ನಾನು ಹೋಗುತ್ತೇನೆ.’

ಓದುಗರೇ, ನಾನು ಅಂದುಕೊಂಡದ್ದು ಅಂದುಕೊಂಡಂತೆ ನಡೆದದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ. ಇಡೀ ಅಂಗಳ ಒಂದೇ ಮೈಯಾಗಿ ಉಸಿರೆಳೆದುಕೊಂಡಿತು. ಶೇಂಗಾ ಸುಲಿಯುವ ಸದ್ದು ನಿಂತಿತು. ಯಾರದೋ ಮಗು ಅಳುವುದನ್ನು ಬಿಟ್ಟಿತು. ಆ ನಿಶ್ಶಬ್ದದಲ್ಲಿ ನನ್ನ ಪತಾಕೆ ಪಟಪಟನೆ ಹಾರುವುದು ನನಗೆ ಕೇಳಿಸಿತು. ಅದರ ಹಿಂದೆಯೇ, ಹೆಂಗಸರು ಕುಳಿತ ಕಡೆಯಿಂದ, ನಾನು ಇಪ್ಪತ್ತು ವರ್ಷಗಳಿಂದ ಅಡಿಗೆಮನೆಯಲ್ಲಿ ಕೇಳುತ್ತ ಬಂದಿದ್ದ ದನಿಯೊಂದು ಕೇಳಿಸಿತು.

‘ಬರ್ತೀನಿ ಅನ್ನೋ ಈರಾ!’

ಗೌರಮ್ಮ ಎದ್ದು ನಿಂತಿದ್ದಳು. ನಾಲ್ಕು ಜನರ ಮುಂದೆ ಸೆರಗು ಜಾರಗೊಡದವಳು, ಸೆರಗಿನ ಎಚ್ಚರವಿಲ್ಲದೆ ನಿಂತಿದ್ದಳು. ‘ಹೋಗಬ್ಯಾಡ ಅನ್ನಂಗಿಲ್ಲೋ ಯಪ್ಪಾ. ಹೋಗು. ಬರ್ತೀನಿ ಅಂದು ಹೋಗು.’

ಆಮೇಲೆ ಇನ್ನೊಬ್ಬಳು, ‘ಅನ್ನಪ್ಪಾ, ನಿನ್ನ ಗಂಟೇನು ಹೊಕ್ಕೈತಿ?’ ಎಂದಳು. ಮತ್ತೊಬ್ಬ ಮುದುಕಿ ತೆಲುಗಿನಲ್ಲಿ, ‘ಪೋಯೊಸ್ತಾ ಅನು ನಾಯನಾ!’ ಎಂದು ಅಂಗಲಾಚಿದಳು. ಗಂಡಸರ ಕಡೆಯಿಂದ ಯಾರೋ, ‘ಏ ಮಾಸ್ತರಾ, ತಟ್ಟಿನ ಹಿಂದ ಅಡಗಿ ಏನು ಮಾಡ್ತಿ? ಅನ್ನಾಕ ಬಿಡಪಾ ಹುಡುಗನ್ನ!’ ಎಂದು ಗುಡುಗಿದ. ಅಂಗಳದಲ್ಲಿದ್ದವರಿಗೆಲ್ಲ ಗೊತ್ತಿತ್ತು, ಅವನು ಆ ವಾರ ನಿಜವಾಗಿ ಹೊರಡುವವನೆಂದು. ನಾಟಕದ ರಾಜ ಯಾರು, ರೈಲು ಹತ್ತುವವನು ಯಾರು ಎಂಬ ಭೇದವನ್ನು ಅವರು ಕಿತ್ತು ಬಿಸಾಕಿದ್ದರು.

ಈರಣ್ಣ ಕತ್ತು ತಿರುಗಿಸಿ ನನ್ನ ಕಡೆ ನೋಡಿದ. ಮುಖಕ್ಕೆ ಬಳಿದ ಬಣ್ಣದೊಳಗಿಂದ ನೋಡುತ್ತಿದ್ದದ್ದು ರಾಜನಲ್ಲ. ಮುಂದಿನ ಮಾತು ಮರೆತ ನಟನೂ ಅಲ್ಲ. ಅಷ್ಟು ದಿನ ಪಡೆ, ಬಂದೂಕು ಎಂದು ಎಗರಾಡುತ್ತಿದ್ದವನ ಕಣ್ಣಲ್ಲಿ ಹೆದರಿಕೆಯಿತ್ತು. ಅವನಿಗೂ ಆ ಮಾತು ಬೇಕಾಗಿತ್ತು. ಆದರೆ ಅಣ್ಣ ಬರೆದದ್ದನ್ನು ಮೀರಿ ಹೇಳುವುದು ಹೇಗೆ? ನಾನು ಪ್ರತಿಯನ್ನು ನೋಡಿದೆ. ಅಲ್ಲಿ ‘ರಾಣಿ ಮೂರ್ಛೆ ಹೋಗುತ್ತಾಳೆ’ ಎಂದಿತ್ತು. ಪುಟ ಮುಚ್ಚಿದೆ. ನನ್ನ ಅಲಂಕಾರಶಾಸ್ತ್ರವನ್ನೆಲ್ಲ ನುಂಗಿಕೊಂಡು, ಮಾತು ಒದಗಿಸುವವನ ಪಿಸುದನಿಯಲ್ಲಿ ಅವನಿಗೆ ಒದಗಿಸಿದೆ: ‘ಬರ್ತೀನಿ.’

‘ಬರ್ತೀನಿ ಅತ್ತಿಗೆವ್ವಾ!’ ಎಂದ ಈರಣ್ಣ. ರಾಜನ ಅರಮನೆಯಲ್ಲಿ ಅತ್ತಿಗೆಯ ಪಾತ್ರವೇ ಇರಲಿಲ್ಲ. ಯಾರೂ ಕೇಳಲಿಲ್ಲ. ಹುಸೇನಪ್ಪ ಮೂರ್ಛೆ ಹೋಗುವುದನ್ನು ಮರೆತು ಕಣ್ಣೊರೆಸಿಕೊಂಡ.

ಪರದೆ ಬಿತ್ತು, ಅಸಲು ಸಂಕಟ ಈಗ ಶುರುವಾಯಿತು. ನಾಲ್ಕನೆಯ ಅಂಕದಲ್ಲಿ ರಾಜ ಸಾಯಬೇಕು. ಶತ್ರು ಸೇನಾಪತಿಯಾಗಿದ್ದ ಎಣ್ಣೆ ವ್ಯಾಪಾರಿ ಕತ್ತಿಯನ್ನು ನನ್ನ ಕೈಗೆ ಕೊಟ್ಟುಬಿಟ್ಟ. ‘ನನ್ನಿಂದ ಆಗಂಗಿಲ್ರಿ ಮಾಸ್ತರೇ. ಈಗ ಈತನ್ನ ಹೊಡದ್ರ ಹೆಣ್ಮಕ್ಳು ನನ್ನ ಬಿಡ್ತಾರೇನು? ನಾಳೆ ನಾ ಅಂಗಡಿ ತೆರೀಬೇಕೋ ಬ್ಯಾಡೋ?’ ನನಗೂ ಆತನನ್ನು ಕೊಲ್ಲುವ ಮನಸ್ಸಿರಲಿಲ್ಲ. ಮೂರಂಕಗಳ ಕಾಲ ಅವನ ಸಾವಿಗೆ ಜತನದಿಂದ ಹಾದಿ ಕಡಿದವನು, ಈಗ ಅವನನ್ನು ಬದುಕಿಸಲು ಒಂದು ಓಣಿಯಾದರೂ ಇದೆಯೇ ಎಂದು ಹುಡುಕತೊಡಗಿದೆ. ರಾಜ ಬದುಕಿ ಬಂದರಾಯಿತು ಎಂದೆ. ಆಗ ಹುಸೇನಪ್ಪ ಅಡ್ಡ ನಿಂತ. ರಾಜನ ಹೆಣದ ಮುಂದೆ ಅವನದೊಂದು ಶೋಕದ ಹಾಡಿತ್ತು.

‘ಮಾಸ್ತರೇ, ರಾಜ ಸತ್ರ ಸಾಯ್ಲಿ, ಉಳದ್ರ ಉಳೀಲಿ. ನನ್ನ ಹಾಡು ಮಾತ್ರ ಬಿಡಂಗಿಲ್ಲ ನೋಡ್ರಿ. ಅದನ್ನ ಕೇಳಾಕಂತ ಆಸ್ಪರಿಯಿಂದ ನಮ್ಮ ಬೀಗರು ಬಂದು ಕುಂತಾರ.’

ಬೀಗರ ಸಮಸ್ಯೆಯೆಂದರೆ ರಾಜರ ಸಮಸ್ಯೆಗಿಂತ ದೊಡ್ಡದು. ಗಡಿಬಿಡಿಯಲ್ಲಿ ನಾನೊಂದು ತೀರ್ಪು ಕೊಟ್ಟೆ: ದೂತನೊಬ್ಬ ಬಂದು ರಾಜ ಮಡಿದನೆಂದು ತಪ್ಪು ಸುದ್ದಿ ಹೇಳಲಿ, ರಾಣಿ ಹಾಡಲಿ, ಹಾಡು ಮುಗಿದಾಗ ರಾಜ ಬರಲಿ. ಈರಣ್ಣನಿಗೆ ‘ಹಾಡು ಮುಗಿದಾಗ’ ಎಂಬ ಭಾಗ ಸರಿಯಾಗಿ ಕೇಳಿಸಲಿಲ್ಲವೋ, ತಡೆಯಲಾಗಲಿಲ್ಲವೋ, ಮೊದಲ ಚರಣಕ್ಕೇ ರಂಗಕ್ಕೆ ಬಂದು ರಾಣಿಯ ಬೆನ್ನ ಹಿಂದೆ ನಿಂತುಬಿಟ್ಟ.

ರಾಣಿ ಹಣೆ ಬಡಿದುಕೊಂಡು ‘ಎಲ್ಲಿರುವೆಯೋ ದೊರೆಯೇ’ ಎಂದು ಹಾಡುತ್ತಾಳೆ. ದೊರೆ ಹಿಂದೆಯೇ ನಿಂತು ಹಲ್ಲು ಕಿರಿಯುತ್ತಿದ್ದಾನೆ. ಅಂಗಳಕ್ಕೆ ಅಂಗಳವೇ ಹುಚ್ಚೆದ್ದಿತು. ‘ಹಿಂದ ನೋಡವ್ವಾ!’ ‘ಎನಕ ಚೂಡಮ್ಮಾ!’ ‘ಏ ಹುಸೇನ್ಯಾ, ಬಂದಾನೋ ನಿನ್ನ ಗಂಡ!’ ಹುಸೇನಪ್ಪನಿಗೆ ಎಲ್ಲವೂ ಕೇಳಿಸುತ್ತಿತ್ತು. ಆದರೆ ಚರಣಗಳು ಇನ್ನೂ ಬಾಕಿಯಿದ್ದವು, ಬೀಗರು ಮುಂದಿನ ಸಾಲಿನಲ್ಲೇ ಇದ್ದರು. ತಿರುಗಿದಂತೆ ಮಾಡಿ ತಿರುಗಲಿಲ್ಲ. ಎದ್ದಂತೆ ಮಾಡಿ ಮತ್ತೆ ಕುಸಿದು ಇನ್ನೊಂದು ಚರಣ ಎತ್ತಿಕೊಂಡ. ಜನ ನಗುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು, ಒಬ್ಬರ ತೊಡೆಯ ಮೇಲೊಬ್ಬರು ಗುದ್ದುತ್ತಿದ್ದರು. ತಟ್ಟಿನ ಕಿಂಡಿಯಿಂದ ನೋಡಿದೆ. ಗೌರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕು ನಕ್ಕು ಅಲ್ಲಾಡುತ್ತಿದ್ದಳು.

ನೋಡುವವನಿಗೆ ಗೊತ್ತಿದೆ, ಪಾತ್ರಕ್ಕೆ ಗೊತ್ತಿಲ್ಲ. ನನ್ನ ಬುಟ್ಟಿಯ ಸೂತ್ರವೇ! ಆದರೆ ಬುಟ್ಟಿಯೊಳಗೆ ಹಾವಿನ ಬದಲು ಹೂವಿತ್ತು. ಭಯವನ್ನು ತಡಮಾಡಿಸುವುದೇ ನಾಟಕವೆಂದು ತಿಳಿದಿದ್ದ ನನಗೆ, ಸಂತೋಷವನ್ನು ತಡಮಾಡಿಸುವುದೂ ನಾಟಕವೆಂದು ಆ ದರ್ಜಿಯ ಹಟದಿಂದ ತಿಳಿಯಿತು. ನಾಟಕಕಾರ ಗಂಟು ಹಾಕುತ್ತಾನೆ ನಿಜ. ಆ ಗಂಟಿಗೆ ಅರ್ಥ ಬರುವುದು ಮಾತ್ರ ಎದುರಿಗೆ ಕುಳಿತವರು ತಮ್ಮ ಎದೆಯ ದಾರವನ್ನು ಅದಕ್ಕೆ ಕೊಟ್ಟಾಗ. ಅಂದು ಅವರು ಕೊಟ್ಟರು. ಗಂಟನ್ನು ನನ್ನ ಕೈಯಿಂದಲೇ ಕಸಿದುಕೊಂಡು ತಮಗೆ ಬೇಕಾದ ಹಾಗೆ ಕಟ್ಟಿಕೊಂಡರು.

ಆ ವಾರವೇ ಈರಣ್ಣ ಹೊರಟ. ಸ್ಟೇಷನ್ನಿನಲ್ಲಿ, ಮದರಾಸಿನ ಕಡೆಯ ಗಾಡಿಯ ಬಾಗಿಲಲ್ಲಿ ಜೋತುಬಿದ್ದು, ‘ಬರ್ತೀನಿ’ ಎಂದು ಅಷ್ಟು ಸಲ ಕೂಗಿದ ಎಂದರೆ ಪಕ್ಕದ ಡಬ್ಬಿಯವರು ಇವನು ಹೋಗುವವನೋ ಬಂದವನೋ ತಿಳಿಯದೆ ಇಣುಕಿದರು. ಆಮೇಲೆ ಮನೆ ನಮ್ಮಿಬ್ಬರಿಗೆ ತೀರ ದೊಡ್ಡದಾಯಿತು. ಮೊದಲು ಕಾರ್ಡುಗಳು ಬಂದವು, ಊರಿನ ಹೆಸರಿಗೆ ಸೈನ್ಯದವರು ಮಸಿ ಬಳಿದಂಥವು. ಬರ್ಮಾದ ಕಡೆ ಇದ್ದಾನೆಂದು ಯಾರೋ ಹೇಳಿದರು. ಆಮೇಲೆ ಕಾರ್ಡುಗಳು ನಿಂತವು. ಒಂದು ಮಳೆಗಾಲ ಕಳೆಯಿತು, ಮತ್ತೊಂದು ಹತ್ತಿಯ ಸುಗ್ಗಿ ಬಂತು, ಕಾರ್ಡು ಬರಲಿಲ್ಲ. ಪೋಸ್ಟಿನವನು ಬೀದಿಗೆ ತಿರುಗಿದರೆ ನಾನು ಹಿತ್ತಲಿಗೆ ನಡೆಯುತ್ತಿದ್ದೆ. ಅವನು ಬರುವುದಿಲ್ಲವೆಂಬ ಸುದ್ದಿಯಾದರೂ ಇನ್ನೂ ಬಂದಿಲ್ಲವಲ್ಲ ಎಂಬುದೇ ನನ್ನ ಸಮಾಧಾನ.

ಗೌರಮ್ಮ ಮಾತ್ರ ಹಬ್ಬಕ್ಕೆ ಅವನ ಪಾಲಿನ ಹೋಳಿಗೆ ತಟ್ಟುವುದನ್ನು ಬಿಡಲಿಲ್ಲ. ಒಂದು ದಿನ ನನಗೆ ತಡೆಯದೆ, ನಿನಗೆ ಚಿಂತೆಯ ಗಂಧವೂ ಇಲ್ಲವೇ ಎಂದೆ.

‘ಅಂದಾನಲ್ರಿ.’

‘ಏನಂದಾನ?’

‘ಬರ್ತೀನಿ ಅಂತ ಅಷ್ಟು ಮಂದಿ ಮುಂದ ಅಂದಾನ. ನೀವಾ ಹೇಳಿಕೊಟ್ರಿ. ಮತ್ಯಾಕ ಕುಂತು ಮೀಸಿ ಕಡೀತೀರಿ?’

ನನ್ನ ಜೀವಮಾನದ ಎಲ್ಲ ಬರಹಗಳಲ್ಲಿ ಒಬ್ಬರಾದರೂ ಪೂರ್ಣವಾಗಿ ನಂಬಿದ ಮಾತು ಅದೊಂದೇ. ಅದೂ ನಾನು ಬರೆದದ್ದಲ್ಲ, ಪಿಸುಗುಟ್ಟಿದ್ದು. ಅವಳ ನಂಬಿಕೆ ಅವಳನ್ನು ನಿದ್ದೆ ಮಾಡಿಸುತ್ತಿತ್ತು, ಅದೇ ನಂಬಿಕೆ ನನ್ನನ್ನು ಎಚ್ಚರವಾಗಿಡುತ್ತಿತ್ತು. ಅವನು ಬರದಿದ್ದರೆ ಅವಳ ಮುಂದೆ ಸುಳ್ಳಾಗುವವನು ದೇವರಲ್ಲ, ಸರಕಾರವಲ್ಲ, ನಾನು.

ನಾಟಕಕಾರನ ಚಾಳಿ ಬಿಡದು ನೋಡಿ. ಆ ದಿನಗಳಲ್ಲಿ ನಾನು ಅವನ ಪುನರಾಗಮನದ ದೃಶ್ಯಗಳನ್ನು ಮನಸ್ಸಿನಲ್ಲೇ ಎಷ್ಟೋ ಬಗೆಯಾಗಿ ರಚಿಸಿದೆ. ಬಿರುಗಾಳಿಯಲ್ಲಿ ಬಾಗಿಲು ಬಡಿದ ಸದ್ದು, ಗಡ್ಡ ಬೆಳೆದ ಅಪರಿಚಿತ, ದೀಪ ಎತ್ತಿ ನೋಡುವ ಗೌರಮ್ಮ, ದೀರ್ಘ ಮೌನ, ಒಂದು ಉದ್ಗಾರ. ದುಃಖಾಂತವಾದ ಒಂದು ದೃಶ್ಯವನ್ನೂ ರಚಿಸಿದ್ದೆ. ಅದನ್ನು ಯಾರಿಗೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ.

ಯುದ್ಧ ಮುಗಿಯಿತು. ಅದಾಗಿ ಎಷ್ಟೋ ದಿನಗಳ ಮೇಲೆ, ಯಾವ ವಿಶೇಷವೂ ಇಲ್ಲದ ಒಂದು ಮಧ್ಯಾಹ್ನ, ನಾನು ಮಕ್ಕಳ ಸಂಧಿಪರೀಕ್ಷೆಯ ಉತ್ತರಗಳನ್ನು ತಿದ್ದುತ್ತ, ಗೌರಮ್ಮ ಒಲೆಯ ಮುಂದೆ ರೊಟ್ಟಿ ತಿರುವಿಹಾಕುತ್ತ ಇದ್ದಾಗ, ಈರಣ್ಣ ಒಳಗೆ ಬಂದ. ಗಾಳಿಯಿರಲಿಲ್ಲ, ಬಾಗಿಲು ತೆರೆದೇ ಇದ್ದುದರಿಂದ ಬಡಿಯುವ ಪ್ರಮೇಯವೂ ಇರಲಿಲ್ಲ. ಕಪ್ಪಗಾಗಿದ್ದ, ಸೊರಗಿದ್ದ, ಹೆಗಲ ಮೇಲಿದ್ದ ಚೀಲವನ್ನು ನನ್ನ ಉತ್ತರಪತ್ರಿಕೆಗಳ ಮೇಲೆಯೇ ಇಟ್ಟ.

ಗೌರಮ್ಮ ತಲೆಯೆತ್ತಿದಳು.

‘ಬಂದಿ?’

‘ಬಂದೆ.’

‘ಕಾರ್ಡು ಬರಿಯಾಕ ಏನಾಗಿತ್ತೋ ನಿನಗ?’

‘ಆಂ?’ ಎಂದ. ಫಿರಂಗಿಗಳ ಸದ್ದಿಗೆ ಒಂದು ಕಿವಿ ಮಂದವಾಗಿತ್ತು. ಅವಳು ನಿಂತಳು, ಅವನ ಇನ್ನೊಂದು ಕಿವಿಯ ಕಡೆಗೆ ನಡೆದು ಬಂದಳು, ಕೈ ಎತ್ತಿ ಒಮ್ಮೆ ಆ ಕಿವಿಯನ್ನು ಮುಟ್ಟಿದಳು, ದನಿ ಏರಿಸಿ ಹೇಳಿದಳು: ‘ಕೈಕಾಲು ತೊಳ್ಕೋ ಅಂದೆ. ರೊಟ್ಟಿ ಆರ್ತೈತಿ.’

‘ಶೇಂಗಾಪುಡಿ ಐತೇನು?’

‘ಐತಿ ಕುಂದ್ರು.’

ಇಷ್ಟೇ. ಉತ್ಕಂಠೆಯಿಲ್ಲ, ಪರಾಕಾಷ್ಠೆಯಿಲ್ಲ, ಪತಾಕೆಯಿಲ್ಲ. ಸಂಭಾಷಣೆಯಲ್ಲಿ ಒಂದೂ ಅಲಂಕಾರವಿಲ್ಲ. ಇಂಥ ಸಪ್ಪೆ ದೃಶ್ಯವನ್ನು ನನ್ನ ವಿದ್ಯಾರ್ಥಿ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ. ಬರೆದವನು ಯಾರೋ, ಅವನಿಗೆ ತಂತ್ರ ಒಂದಿಷ್ಟೂ ತಿಳಿಯದು ಎಂಬುದಕ್ಕಾಗಿ ನಾನು ಕುಳಿತಲ್ಲೇ ಕೈಮುಗಿದೆ. ಮುಗಿದ ಕೈಗಳ ಮೇಲೆ ಏನೋ ಬಿತ್ತು. ಕನ್ನಡಕ ತೆಗೆದು ಒರೆಸಿಕೊಂಡೆ.

ಗೌರಮ್ಮ ನನಗೂ ತಟ್ಟೆ ಇಟ್ಟಳು. ಈರಣ್ಣ ಬಾಯ್ತುಂಬ ತುಂಬಿಕೊಂಡು, ತನಗೆ ಕೇಳಿಸಬೇಕೆಂದು ಬೀದಿಗೇ ಕೇಳಿಸುವಂತೆ ಏನೇನೋ ಹೇಳುತ್ತಿದ್ದ. ಅವಳು ‘ಮೆಲ್ಲಕ ತಿನ್ನು, ಮೆಲ್ಲಕ’ ಎಂದು ಗದರುತ್ತಲೇ ಬಡಿಸುತ್ತಿದ್ದಳು. ನಾನು ಅಭ್ಯಾಸಬಲದಿಂದ ಚಿಂತಿಸಲು ಏನಾದರೂ ಉಂಟೇ ಎಂದು ಮನಸ್ಸಿನ ಮೂಲೆಮೂಲೆಗಳನ್ನು ತಡಕಿದೆ. ಅಂದಿನ ಮಟ್ಟಿಗೆ ಎಲ್ಲಿಯೂ ಏನೂ ಸಿಗಲಿಲ್ಲ. ಬೇರೆ ಕೆಲಸವಿಲ್ಲದೆ ಒಂದು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡು ತಿಂದೆ.